ಅತ್ತೆಯ ಕೊನೆಗಾಲದ ಮಾತು ಈಗಲೇ ಕೇಳಿಬಿಡಿ

ನಮ್ಮ ಕಡೆಯ ಹಿರಿಯ ಹೆಣ್ಣುಮಕ್ಕಳು ಸಾವಿನ ಮಾತೆತ್ತಲು ಹೆದರುತ್ತಾರೆ ಎಂದು ಯಾರು ಹೇಳಿದರು? ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಅಜ್ಜಿಯರ ಟ್ರಂಕಿನ ತಳದಲ್ಲಿ ಮಡಿಕೆ ಮುರಿಯದ ಒಂದು ಇಳಕಲ್ ಸೀರೆ ಇರುತ್ತದೆ. ಪಕ್ಕದಲ್ಲಿ ಬಟ್ಟೆಯಲ್ಲಿ ಗಂಟು ಕಟ್ಟಿದ ಒಂದಿಷ್ಟು ದುಡ್ಡು. “ಇದು ನನ್ನ ಮಣ್ಣಿಗೆ, ಯಾರೂ ಮುಟ್ಟಬ್ಯಾಡ್ರಿ” ಎಂದು ಸೊಸೆಗೆ ಹೇಳಿಯೂ ಆಗಿರುತ್ತದೆ. ಹೊಲದ ಯಾವ ಮೂಲೆಯಲ್ಲಿ ಮಣ್ಣು ಮಾಡಬೇಕು, ಯಾವ ಮಠದ ಅಯ್ಯನವರನ್ನು ಕರೆಸಬೇಕು, ದಿನಕ್ಕೆ ಏನು ಅಡುಗೆ ಮಾಡಬೇಕು... ಎಲ್ಲವೂ ತೀರ್ಮಾನವಾಗಿದೆ!

ಆದರೆ ಅದಕ್ಕೂ ಹಿಂದಿನ ಹದಿನೈದು ದಿನಗಳ ಕಥೆ? ಉಸಿರು ಸಿಕ್ಕಿಹಾಕಿಕೊಂಡಾಗ ಎಲ್ಲಿಗೆ ಒಯ್ಯಬೇಕು? ವೆಂಟಿಲೇಟರ್ ಹಾಕಿಸಬೇಕೋ ಬೇಡವೋ? ಮಾತು ನಿಂತ ಮೇಲೆ ಅವರ ಪರವಾಗಿ ಯಾರು ಮಾತಾಡಬೇಕು? ಇದನ್ನು ಅಜ್ಜಿಯೂ ಹೇಳಿಲ್ಲ, ಮನೆಯವರೂ ಕೇಳಿಲ್ಲ. ಸತ್ತ ಮೇಲಿನದಕ್ಕೆ ಇಷ್ಟೆಲ್ಲ ತಯಾರಿ ಮಾಡಿಕೊಳ್ಳುವ ನಾವು ಸಾಯುವ ಮುಂಚಿನ ದಿನಗಳನ್ನು ಮಾತ್ರ ದೇವರ ಮೇಲೆ ಹಾಕಿ ಕೂತುಬಿಡುತ್ತೇವೆ.

ಗೃಹಿಣಿಯರೇ, ಈ ಮಾತು ನಿಮಗೇ ಯಾಕೆ ಹೇಳುತ್ತಿದ್ದೇನೆ ಗೊತ್ತೇ? ಹಾಸಿಗೆ ಹಿಡಿದವರ ಸೇವೆ ಕೊನೆಗೆ ಬರುವುದು ನಿಮ್ಮ ಕೈಗೇ. ಆದರೆ ತೀರ್ಮಾನದ ಹೊತ್ತಿಗೆ ನಿಮ್ಮನ್ನು ಯಾರೂ ಕೇಳುವುದಿಲ್ಲ.

ಒಂದು ಮನೆಯನ್ನು ಮನಸ್ಸಿಗೆ ತಂದುಕೊಳ್ಳಿ. ಅದು ಗಂಗಾವತಿಯದಾಗಿರಬಹುದು, ಕೊಪ್ಪಳದ್ದೇ ಆಗಿರಬಹುದು. ಅತ್ತೆಗೆ ಎಂಬತ್ತರ ಹತ್ತಿರ. ಸಕ್ಕರೆ ಕಾಯಿಲೆ, ಬಿ.ಪಿ., ಮೇಲೆ ಕಿಡ್ನಿಯೂ ಸೋತಿದೆ. ಮೂರು ವರ್ಷದಿಂದ ಗುಳಿಗೆ ಕೊಡುವುದು, ಸ್ನಾನ ಮಾಡಿಸುವುದು, ರಾತ್ರಿ ಎರಡು ಸಲ ಎದ್ದು ಬಚ್ಚಲಿಗೆ ಕರೆದೊಯ್ಯುವುದು ಎಲ್ಲ ಸೊಸೆಯೇ. ಒಂದು ಸಂಜೆ ಉಸಿರು ಏರುತ್ತದೆ. 108 ಬರುತ್ತದೆ. ಇಲ್ಲಿನ ಡಾಕ್ಟರು ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಅನ್ನುತ್ತಾರೆ. ಬಳ್ಳಾರಿಗೋ, ನೂರು ಕಿಲೋಮೀಟರಿಗೂ ಹೆಚ್ಚು ದೂರದ ಹುಬ್ಬಳ್ಳಿಗೋ ಅನ್ನುವ ತೀರ್ಮಾನ ಆಂಬುಲೆನ್ಸಿನ ಬಾಗಿಲಲ್ಲಿ, ಮೊಬೈಲಿನಲ್ಲಿ ಆಗುತ್ತದೆ. ಫೋನಿನ ಆ ಕಡೆ ಬೆಂಗಳೂರಿನ ಮಗ. “ಎಷ್ಟು ಖರ್ಚಾದ್ರೂ ಆಗಲಿ, ಎಲ್ಲಾ ಮಾಡಿಸ್ರಿ” ಅನ್ನುತ್ತಾನೆ. ಪಾಪ, ಅವನದೂ ತಪ್ಪಲ್ಲ. ವರ್ಷಕ್ಕೆ ಎರಡು ಸಲ ಬರುವ ಮಗನಿಗೆ ತಾಯಿಯ ಋಣ ತೀರಿಸಲು ಸಿಕ್ಕಿರುವುದು ಇದೊಂದೇ ದಾರಿ. ಊರಲ್ಲಿರುವ ಮಗನಿಗೆ ಇನ್ನೊಂದು ಹೆದರಿಕೆ. ಇಲ್ಲ ಅಂದರೆ “ದುಡ್ಡಿಗೆ ಹಿಂದ ಮುಂದ ನೋಡಿದ್ರು” ಎಂದು ನಾಳೆ ಬೀಗರು ಆಡಿಕೊಳ್ಳುತ್ತಾರಲ್ಲ! ಸೊಸೆ ಮಾತ್ರ ಐಸಿಯು ಹೊರಗೆ ಚೀಲ ಹಿಡಿದು ನಿಂತಿರುತ್ತಾಳೆ. ಎಷ್ಟೋ ರಾತ್ರಿ “ಸಾಕಾತವ್ವ, ನನ್ನ ಮನ್ಯಾಗs ಕಣ್ಣು ಮುಚ್ಚಿದ್ರ ಸಾಕು” ಎಂಬ ಮಾತು ಕೇಳಿಸಿಕೊಂಡವಳು ಅವಳೊಬ್ಬಳೇ. ಅವಳು ಅದನ್ನು ಹೇಳಲಾರಳು. ಹೇಳಿದರೆ ಏನರ್ಥ ಬರುತ್ತದೆಂದು ನಿಮಗೇ ಗೊತ್ತು.

ನನ್ನ ಅಭಿಪ್ರಾಯ ಇಷ್ಟೇ. ಈ ಮಾತು ಆಸ್ಪತ್ರೆಯ ಬಾಗಿಲಲ್ಲಿ ಆಗಬಾರದು, ಮನೆಯ ಪಡಸಾಲೆಯಲ್ಲಿ ಆಗಬೇಕು. ಅತ್ತೆ ಗಟ್ಟಿಯಾಗಿರುವಾಗಲೇ, ಅವರ ಬಾಯಿಂದಲೇ, ಎಲ್ಲರ ಎದುರಿಗೇ. ಸೇವೆ ಮಾಡುವವಳೂ ಆ ಮಾತಿನಲ್ಲಿ ಕೂತಿರಬೇಕು.

ಧಾರಾವಾಹಿಗಳನ್ನು ನೋಡಿ ನೋಡಿ ನಮಗೊಂದು ತಪ್ಪು ಕಲ್ಪನೆ ಬಂದುಬಿಟ್ಟಿದೆ. ಅಲ್ಲಿ ಸಾಯುವವರು ಎಲ್ಲರನ್ನೂ ಕರೆದು, ಒಬ್ಬೊಬ್ಬರ ತಲೆ ಸವರಿ, ಹೇಳಬೇಕಾದ್ದನ್ನೆಲ್ಲ ಹೇಳಿಯೇ ಕಣ್ಣು ಮುಚ್ಚುತ್ತಾರೆ. ನಿಜದಲ್ಲಿ ಹಾಗಾಗುವುದು ಕಡಿಮೆ. ಗಂಟಲಲ್ಲಿ ವೆಂಟಿಲೇಟರಿನ ನಳಿಕೆ ಇದ್ದರೆ ಮಾತು ಎಲ್ಲಿಂದ ಬರಬೇಕು?

ಹಾಗಂತ ಐಸಿಯು, ವೆಂಟಿಲೇಟರ್ ಅಂದರೆ ಕೆಟ್ಟದ್ದು ಎಂದುಕೊಳ್ಳಬೇಡಿ. ಗದ್ದೆಯಲ್ಲಿ ಹಾವು ಕಚ್ಚಿ ಉಸಿರು ನಿಂತವರು, ಅಪಘಾತವಾದವರು, ಬಾಣಂತನದಲ್ಲಿ ಕೆಟ್ಟವರು, ನ್ಯುಮೋನಿಯಾ ಬಂದವರು ಅದರಿಂದಲೇ ಎದ್ದು ಮನೆಗೆ ನಡೆದುಕೊಂಡು ಬಂದಿದ್ದಾರೆ. ಯಂತ್ರ ಒಂದು ಸೇತುವೆ ಇದ್ದ ಹಾಗೆ. ಆಚೆ ದಡ ಇದ್ದರೆ ದಾಟಿಸುತ್ತದೆ. ಮೈಯೆಲ್ಲ ಹಬ್ಬಿದ ಕ್ಯಾನ್ಸರು, ಪೂರ್ತಿ ಸೋತ ಅಂಗಾಂಗಗಳು ಇದ್ದಾಗ ಆಚೆ ದಡವೇ ಇರುವುದಿಲ್ಲ. ಆದ್ದರಿಂದ ಡಾಕ್ಟರನ್ನು “ಉಳೀತಾರಾ?” ಎಂದಷ್ಟೇ ಕೇಳಬೇಡಿ. “ಇದನ್ನ ಮಾಡಿಸಿದ್ರ ಮತ್ತ ಎದ್ದು ಕೂಡ್ತಾರೇನ್ರಿ? ನಮ್ಮನ್ನ ಗುರುತು ಹಿಡಿದು ಮಾತಾಡ್ತಾರೇನ್ರಿ?” ಎಂದು ಕೇಳಿ. ಡಾಕ್ಟರು ಆಗ ಕೊಡುವ ಉತ್ತರವೇ ಬೇರೆ ಇರುತ್ತದೆ.

ಕಾನೂನು ಏನು ಹೇಳುತ್ತದೆ?

ನಮ್ಮ ಉತ್ತರ ಕನ್ನಡದ ಹಳದೀಪುರದ ಹುಡುಗಿ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಅಲ್ಲಿಯೇ ಕೆಲಸಕ್ಕಿದ್ದ ಒಬ್ಬನ ಹಲ್ಲೆಗೆ ಸಿಕ್ಕು ಮಿದುಳಿಗೆ ಪೆಟ್ಟಾಯಿತು. ಆಗ ಅವರಿಗೆ 25 ವರ್ಷ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ಸುಮಾರು 42 ವರ್ಷ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಅವರಿಗೆ ಆಹಾರ ನಿಲ್ಲಿಸಿ ಮುಕ್ತಿ ಕೊಡಿ ಎಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರ ಮಾರ್ಚಿನಲ್ಲಿ ಬಂದ ತೀರ್ಪನ್ನು ಹೆಣ್ಣುಮಕ್ಕಳು ನೆನಪಿಡಬೇಕು. ಅರುಣಾ ಪರವಾಗಿ ಮಾತಾಡುವ ಅಧಿಕಾರ ಯಾರದು ಎಂಬ ಪ್ರಶ್ನೆ ಬಂದಾಗ, ಅರ್ಜಿ ಹಾಕಿದವರದಲ್ಲ, ಹಗಲು ರಾತ್ರಿ ಮೈ ಒರೆಸಿ, ಊಟ ಮಾಡಿಸಿ ನೋಡಿಕೊಂಡ ಕೆ.ಇ.ಎಂ. ಸಿಬ್ಬಂದಿಯದು ಎಂದಿತು ನ್ಯಾಯಾಲಯ. ಅವರು ಅರುಣಾ ಬದುಕಿರಲಿ ಅಂದರು. ಅರ್ಜಿ ಬಿದ್ದುಹೋಯಿತು. ಆ ನರ್ಸುಗಳ ತೀರ್ಮಾನ ಸರಿಯೋ ತಪ್ಪೋ, ಬೇರೆ ಮಾತು. ಸೇವೆ ಮಾಡಿದವರ ಮಾತಿಗೆ ದೇಶದ ದೊಡ್ಡ ಕೋರ್ಟೇ ಬೆಲೆ ಕೊಟ್ಟಿತು. ನಮ್ಮ ಮನೆಗಳಲ್ಲಿ ಮಾತ್ರ ಆ ಬೆಲೆ ಸೊಸೆಗೆ ಸಿಕ್ಕಿಲ್ಲ.

ಹೊಸ ಔಷಧಿ ಇಲ್ಲದೆ, ಯಂತ್ರದ ಹಂಗಿಲ್ಲದೆ ಸಹಜವಾಗಿ ಸಾಯಲು ಬಿಡಬಹುದು ಎಂಬ ವಿಚಾರ ಆ ತೀರ್ಪಿನಿಂದಲೇ ನಮ್ಮ ಕಾನೂನಿಗೆ ಬಂತು. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟು ಘನತೆಯಿಂದ ಸಾಯುವುದೂ ಬದುಕುವ ಹಕ್ಕಿನ ಭಾಗ ಎಂದಿತು. “ನನಗೆ ಮಾತಾಡಲು ಆಗದಂತಾಗಿ, ಗುಣವಾಗುವ ಆಸೆಯೂ ಇಲ್ಲದಿದ್ದರೆ ಇಂಥ ಚಿಕಿತ್ಸೆ ಬೇಡ” ಎಂದು ಮೊದಲೇ ಬರೆದಿಡಲು ಅವಕಾಶ ಕೊಟ್ಟಿತು. ಇದನ್ನೇ ಲಿವಿಂಗ್ ವಿಲ್ ಅನ್ನುತ್ತಾರೆ. ಆಗ ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು, ಯಾರು ಅಲೆಯುತ್ತಾರೆ ಹೇಳಿ? 2023ರ ಜನವರಿಯಲ್ಲಿ ಕೋರ್ಟು ಆ ನಿಯಮ ಸಡಿಲಿಸಿತು. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿತು. ಆ ದಿನಗಳಲ್ಲಿ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮನವರ ಹೆಸರು ಪತ್ರಿಕೆಗಳಲ್ಲಿ ಓದಿರಬಹುದು. ಬೆನ್ನುಮೂಳೆಯ ನೋವಿನಲ್ಲೇ ಎರಡು ದಶಕಕ್ಕೂ ಹೆಚ್ಚು ಕಾಲ ಈ ಹಕ್ಕಿಗಾಗಿ ಪತ್ರ ಬರೆದು ಬರೆದು ಹೋರಾಡಿದ ಹೆಣ್ಣುಮಗಳು ಅವರು.

ಒಂದು ಸಂಗತಿ ಮಾತ್ರ ಸ್ಪಷ್ಟವಾಗಿ ತಿಳಿದುಕೊಳ್ಳಿ. ಇಂಜೆಕ್ಷನ್ ಕೊಟ್ಟು ಸಾಯಿಸುವುದಕ್ಕೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ, ಈ ಆದೇಶದಲ್ಲೂ ಇಲ್ಲ. “ಸೊಸೆ ಕಾಗದದ ಮೇಲೆ ಸಹಿ ಹಾಕಿಸಿಕೊಂಡ್ಲು, ನಾಳೆ ಯಂತ್ರ ಕಿತ್ತರು” ಅನ್ನುವಂತೆಯೂ ಆಗುವುದಿಲ್ಲ. ಮೊದಲು ಚಿಕಿತ್ಸೆ ಕೊಡುತ್ತಿರುವ ವೈದ್ಯರೂ ಸೇರಿ ಮೂವರ ಮಂಡಳಿ ನೋಡಬೇಕು. ಆಮೇಲೆ ಬೇರೆ ಮೂವರ ಎರಡನೇ ಮಂಡಳಿ. ಅದರಲ್ಲಿ ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ವೈದ್ಯರೂ ಇರುತ್ತಾರೆ. ಇಬ್ಬರೂ ಒಪ್ಪಿ, ಕುಟುಂಬದವರೂ ಒಪ್ಪಿ, ಮ್ಯಾಜಿಸ್ಟ್ರೇಟರಿಗೆ ತಿಳಿಸಿದ ಮೇಲಷ್ಟೇ ಮುಂದಿನದು. ಅತ್ತೆಗೆ ಮಾತಾಡುವ ಶಕ್ತಿ ಇರುವವರೆಗೆ ಕಾಗದಕ್ಕೆ ಕೆಲಸವೇ ಇಲ್ಲ, ಅವರ ಬಾಯಿಮಾತೇ ಅಂತಿಮ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರೆದು ರದ್ದು ಮಾಡಬಹುದು.

ಬರೆಯುವುದು ಹೇಗೆ ಅಂತೀರಾ? ಸ್ವಂತ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ವಯಸ್ಕರು ಯಾರಾದರೂ ಬರೆಯಬಹುದು. ಯಾವ ಸ್ಥಿತಿಯಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಬಿಡಿಸಿ ಹೇಳಬೇಕು. ತನ್ನ ಪರವಾಗಿ ಮಾತಾಡುವವರು ಯಾರೆಂದು ಹೆಸರಿಸಬೇಕು. ನಮ್ಮ ರಾಜ್ಯದ ಆದೇಶದಂತೆ ಕನಿಷ್ಠ ಇಬ್ಬರನ್ನು ಹೆಸರಿಸಬೇಕು. ಇಲ್ಲಿ ಬೆಂಗಳೂರಿನ ಮಗನ ಹೆಸರಿನ ಜೊತೆ ಮನೆಯಲ್ಲಿರುವ ಸೊಸೆಯ ಹೆಸರನ್ನೋ ಹತ್ತಿರದಲ್ಲೇ ಕೊಟ್ಟ ಮಗಳ ಹೆಸರನ್ನೋ ಬರೆಸಿ ಅನ್ನುವುದು ನನ್ನ ಸಲಹೆ. ಇಬ್ಬರು ಸಾಕ್ಷಿಗಳ ಎದುರು ಸಹಿಯಾಗಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಅದನ್ನು ದೃಢೀಕರಿಸಬೇಕು. ನಮ್ಮ ನಾಲ್ಕೂ ಊರುಗಳಲ್ಲಿ ಕೋರ್ಟು ಇದೆ, ಹತ್ತಿರದಲ್ಲಿ ನೋಟರಿ ಸಿಗುತ್ತಾರೆ. ಒಂದು ಪ್ರತಿ ಹೆಸರಿಸಿದವರಿಗೆ, ಒಂದು ಮನೆಯ ಡಾಕ್ಟರಿಗೆ, ಒಂದು ನಗರಸಭೆ, ಪುರಸಭೆ ಅಥವಾ ಪಂಚಾಯಿತಿಗೆ. ಓದು ಬಾರದ ಅತ್ತೆಗೆ ಪ್ರತಿ ಸಾಲನ್ನೂ ನಿಧಾನವಾಗಿ ಓದಿ ಹೇಳಿ. “ಹೌದು” ಅಂದದ್ದನ್ನು ಸಾಕ್ಷಿಗಳು ಕೇಳಿಸಿಕೊಳ್ಳಲಿ.

ಆದರೆ ಮಾತು ಎತ್ತುವುದು ಹೇಗೆ?

ಕಾನೂನಿಗಿಂತ ಇದೇ ಕಷ್ಟ. “ಅಂಥಾ ಕೆಟ್ಟ ಮಾತು ಆಡಬ್ಯಾಡ” ಎಂದು ಗಂಡನೇ ಮೊದಲು ಬಾಯಿ ಮುಚ್ಚಿಸುತ್ತಾನೆ. ಅಥವಾ ನಾದಿನಿ, “ನಮ್ಮವ್ವ ಯಾವಾಗ ಹೋಗ್ತಾಳ ಅಂತ ಕಾಯಾಕ್ಹತ್ತಾಳ” ಅಂದುಬಿಟ್ಟರೆ ಮುಗಿಯಿತು, ಆ ಮಾತಿನ ಗಾಯ ಹತ್ತು ವರ್ಷ ಮಾಯುವುದಿಲ್ಲ.

ಅದಕ್ಕೇ ಹೇಳುವುದು, ಒಬ್ಬರೇ ಮಾತೆತ್ತಬೇಡಿ. ಮೊದಲು ಗಂಡನ ಕಿವಿಗೆ ಹಾಕಿ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಸಮಯ ಬೇರೆ ಇಲ್ಲ. ಹಬ್ಬದ ದಿನ ಬೇಡ. ಮರುದಿನ, ಉಂಡಿ ತಿಂದು, ಜೋಕಾಲಿ ಆಡಿ ಎಲ್ಲರೂ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿರುವಾಗ. ಗವಿಮಠದ ಜಾತ್ರೆಗೆ ಊರು ಬಿಟ್ಟವರೆಲ್ಲ ಬಂದಾಗಲೂ ಆದೀತು. ಸುಮ್ಮನೆ “ನಿಮ್ಮ ಕೊನೆಗಾಲಕ್ಕೆ ಏನು ಮಾಡೋಣ” ಎಂದು ಶುರು ಮಾಡಿದರೆ ಯಾರಿಗೂ ಹಿಡಿಸುವುದಿಲ್ಲ. ಊರಲ್ಲಿ ಯಾರಾದರೂ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದು ತೀರಿಕೊಂಡ ಸುದ್ದಿ ಇದ್ದೇ ಇರುತ್ತದೆ. ಅದರಿಂದ ಎಳೆ ತೆಗೆಯಿರಿ. “ಅತ್ತೀ, ಆ ಅಮ್ಮಾರು ಹದಿನೈದು ದಿನ ಐಸಿಯುನಾಗ ಇದ್ರಂತ, ಮಕ್ಕಳನ್ನ ಒಳಗ ಬಿಡಲಿಲ್ಲಂತ. ನಿಮಗ ಹಂಗ ಆದ್ರ ನಾವೇನ್ ಮಾಡಬೇಕ್ರಿ?” ಇಷ್ಟು ಸಾಕು. ಮೊದಲು ಸುಮ್ಮನಿರುತ್ತಾರೆ. ಆಮೇಲೆ ಮಾತು ಬಂದೇ ಬರುತ್ತದೆ. ಅವರು ಇದನ್ನು ನಮಗಿಂತ ಹೆಚ್ಚು ಸಲ ಯೋಚಿಸಿರುತ್ತಾರೆ, ಕೇಳುವವರು ಇರುವುದಿಲ್ಲ ಅಷ್ಟೇ.

ಆದರೆ ಒಂದು ಎಚ್ಚರಿಕೆ. ನಮ್ಮ ಹಿರಿಯರು ಯಾವುದಕ್ಕೂ ಮೊದಲು “ನನಗೇನೂ ಬ್ಯಾಡ” ಅನ್ನುವವರೇ. ಊಟಕ್ಕೆ ಕೂತರೂ ಬೇಡ, ಹೊಸ ಸೀರೆಯೂ ಬೇಡ! ಆಸ್ಪತ್ರೆಯ ವಿಷಯದಲ್ಲೂ “ನನ್ ಸಲುವಾಗಿ ಹೊಲ ಮಾರಬ್ಯಾಡ್ರಿ, ಬಂಗಾರ ಒತ್ತಿ ಇಡಬ್ಯಾಡ್ರಿ” ಅನ್ನುತ್ತಾರೆ. ಅದು ನಿಜವಾದ ಇಚ್ಛೆಯೋ, ಮಕ್ಕಳಿಗೆ ಭಾರ ಆಗುತ್ತೇನೆಂಬ ಸಂಕೋಚವೋ? ಎರಡನ್ನೂ ಬೇರೆ ಮಾಡಿ ನೋಡಬೇಕು. “ದುಡ್ಡಿನ ಮಾತು ಬಿಡ್ರಿ, ಅದನ್ನ ನಾವು ನೋಡ್ಕೋತೀವಿ. ನಿಮ್ಮ ಮನಸಿಗೆ ಏನು ಬೇಕು, ಅದನ್ನ ಹೇಳ್ರಿ” ಎಂದು ಮತ್ತೊಂದು ದಿನ, ಮತ್ತೊಮ್ಮೆ ಕೇಳಿ. ಗುಣವಾಗುವ ಕಾಯಿಲೆಗೂ “ಬ್ಯಾಡ” ಅಂದರೆ ಅದನ್ನು ತೀರ್ಮಾನವೆಂದು ಹಿಡಿದು ಕೂರುವ ಮನೆಯವರಿದ್ದರೆ, ಅವರಿಗೆ ಈ ಲೇಖನ ಅಲ್ಲ. ಖರ್ಚು ತಪ್ಪಿಸಿಕೊಳ್ಳುವ ದಾರಿಯಾಗಿ ಯಾರೂ ಇದನ್ನು ಓದಬಾರದು.

ಇದು ಪಟ್ಟಣದವರ ಹೊಸ ಶೋಕಿ ಅನ್ನುವವರಿಗೆ ನಮ್ಮ ಕೊಪ್ಪಳದ ಬೆಟ್ಟಗಳನ್ನೇ ತೋರಿಸಬಹುದು. ಕೊಪಣ ಎಂಬ ಹೆಸರಿನಿಂದ ದೊಡ್ಡ ಜೈನ ತೀರ್ಥವಾಗಿದ್ದ ಊರು ಇದು. ಸಾವನ್ನು ತಾವೇ ಎದುರುಗೊಂಡು, ಎಲ್ಲರಿಗೂ ತಿಳಿಸಿ ಸಲ್ಲೇಖನ ವ್ರತ ಹಿಡಿದವರ ನೆನಪಿನ ಶಾಸನಗಳು ಇಲ್ಲಿವೆ. ಪಾಲ್ಕಿಗುಂಡಿನ ಬಂಡೆಯ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೆತ್ತಿದ್ದಾರೆ. ಅತ್ತೆಯನ್ನು ಉಪವಾಸಕ್ಕೆ ಕೂರಿಸಿ ಎಂದು ಇದರ ಅರ್ಥವಲ್ಲ! ಕೊನೆಗಾಲದ ಬಗ್ಗೆ ಬಾಯಿಬಿಟ್ಟು ಮಾತಾಡುವುದು ಈ ಮಣ್ಣಿಗೆ ಹೊಸದಲ್ಲ, ಅಷ್ಟೇ.

ಇನ್ನು, ಯಂತ್ರ ಬೇಡ ಎಂದರೆ ಆರೈಕೆಯೂ ಬೇಡ ಎಂದಲ್ಲ. ನಿಜವಾದ ಆರೈಕೆ ಆಗಲೇ ಶುರು. ನೋವು ತಿನ್ನುತ್ತಾ ಸಾಯಬೇಕಾಗಿಲ್ಲ. ಕ್ಯಾನ್ಸರಿನ ಕೊನೆಯ ಹಂತದ ನೋವಿಗೆ ಮಾರ್ಫಿನ್ ಮಾತ್ರೆ ಇದೆ. 2014ರಲ್ಲಿ ಕಾನೂನು ತಿದ್ದಿದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಅದನ್ನು ಕೊಡುವುದು ಸುಲಭವಾಗಿದೆ. “ನೋವು ಕಡಿಮೆ ಮಾಡೋ ಚಿಕಿತ್ಸೆ, ಪ್ಯಾಲಿಯೇಟಿವ್ ಕೇರ್ ಎಲ್ಲಿ ಸಿಗ್ತದ್ರಿ?” ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಿ. ಬೆಂಗಳೂರಿನ ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಆದರೆ ನಮ್ಮ ಹಿರಿಯರಿಗೆ ಅಷ್ಟು ದೂರ ಹೋಗುವ ಮನಸ್ಸಿರುವುದಿಲ್ಲ, ಅದೂ ನಿಜ.

ಮನೆಯಲ್ಲೇ ನೋಡಿಕೊಳ್ಳುವುದಾದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. ಕೊನೆಯ ದಿನಗಳಲ್ಲಿ ಹಸಿವು ತಾನಾಗಿಯೇ ಕಡಿಮೆಯಾಗುತ್ತದೆ. “ಏನೂ ತಿನ್ನಲಿಲ್ಲ” ಎಂದು ಮಲಗಿದವರ ಬಾಯಿಗೆ ಗಂಜಿ ಸುರಿಯಬೇಡಿ, ಅದು ಶ್ವಾಸನಾಳಕ್ಕೆ ಹೋದರೆ ಅಪಾಯ. ತುಟಿ ಒದ್ದೆ ಮಾಡಿದರೂ ಸಾಕು. ನೋಡಲು ಬಂದ ಬೀಗರು “ಸಲಾಯಿನ್ ಆದ್ರೂ ಹಚ್ಚಸ್ರಿ” ಅಂದಾಗ ಮನೆಯ ಗಂಡಸರು ಮುಂದೆ ಬಂದು ಉತ್ತರ ಕೊಡಬೇಕು, ಸೊಸೆಯನ್ನು ಮುಂದೆ ಬಿಟ್ಟು ಅಂಗಳಕ್ಕೆ ಹೋಗಿ ನಿಲ್ಲುವುದಲ್ಲ. ರಾತ್ರಿಯ ಪಾಳಿಯ ಮಾತೂ ಇದರ ಜೊತೆಗೇ ಆಗಲಿ. ಮನೆಯಲ್ಲಿ ಸಾಯಬೇಕೆಂಬ ಅತ್ತೆಯ ಆಸೆಯನ್ನು ಎಲ್ಲರೂ ತಲೆದೂಗಿ ಒಪ್ಪುತ್ತಾರೆ. ಬೆಡ್‌ಪ್ಯಾನು ಯಾರು ತೊಳೆಯುತ್ತಾರೆ ಎಂದು ಯಾರೂ ಕೇಳುವುದಿಲ್ಲ. ನೀವೇ ಕೇಳಿ. ಮಗಳು ತಿಂಗಳಿಗೆ ಒಂದು ವಾರ ಬಂದಿರಲಿ, ಬೆಂಗಳೂರಿನ ಮಗ ಆಯಾಳ ಸಂಬಳ ಕೊಡಲಿ. ಇದನ್ನು ಕೇಳುವುದು ನಾಚಿಕೆಗೆಟ್ಟತನ ಅಲ್ಲ.

ಕೊನೆಗೆ ನಿಮ್ಮದೇ ಮಾತು. ಅತ್ತೆ, ಮಾವ, ಗಂಡ ಎಲ್ಲರ ಬಗ್ಗೆ ಯೋಚಿಸುವ ನೀವು ನಿಮ್ಮ ಬಗ್ಗೆ ಯೋಚಿಸಿದ್ದೀರಾ? ನಲವತ್ತೈದಕ್ಕೆ ಇದೆಲ್ಲ ಯಾಕೆ ಅನ್ನಿಸಬಹುದು. ಅರುಣಾಗೆ ಇಪ್ಪತ್ತೈದೇ ಇತ್ತು. ನಿಮ್ಮ ಪರವಾಗಿ ಯಾರು ಮಾತಾಡಬೇಕು, ಗಂಡನೋ, ಮಗಳೋ, ತವರಿನ ಅಣ್ಣನೋ? ಅವರಿಗೆ ಅದು ಗೊತ್ತಿದೆಯೇ? ಇದೇ ಹೊತ್ತಿನಲ್ಲಿ ಬ್ಯಾಂಕಿನ ಪಾಸ್‌ಬುಕ್ಕನ್ನೂ ಒಮ್ಮೆ ತೆಗೆದು ನೋಡಿ. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಲು ಅವಕಾಶವಿದೆ.

ಬರೆದ ಕಾಗದವನ್ನು ದಯವಿಟ್ಟು ಬ್ಯಾಂಕಿನ ಲಾಕರಿನಲ್ಲಿ ಇಡಬೇಡಿ. ಮಧ್ಯರಾತ್ರಿ ಎರಡು ಗಂಟೆಗೆ ಲಾಕರು ತೆಗೆಯುವವರಿಲ್ಲ. ಆಸ್ಪತ್ರೆಯ ಫೈಲಿನಲ್ಲಿ, ಎಕ್ಸ್‌ರೇ, ಆಧಾರ್ ಕಾರ್ಡಿನ ಜೊತೆಗೇ ಇಡಿ. ಫೋಟೋ ತೆಗೆದು ಮಕ್ಕಳೆಲ್ಲರ ಮೊಬೈಲಿಗೆ ಕಳಿಸಿ, ನಿಮ್ಮ ಮೊಬೈಲಿನಲ್ಲೂ ಒಂದು ಇರಲಿ. 108 ಬಂದಾಗ ಆ ಫೈಲು ಹಿಡಿದು ಹತ್ತುವವರು ನೀವೇ ತಾನೇ?